ಕಪ್ಪು ಜನರ ಕಾಲೇಜುಗಳೂ ವಾಣಿಜ್ಯಸಂಸ್ಥೆಗಳ ನೌಕರಕೂಟಗಳೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ‘ಐತಿಹಾಸಿಕ ಕಪ್ಪು ಕಾಲೇಜು’ ಎಂಬುದು ಕೇವಲ ರೂಢಿಯ ಹೆಸರಲ್ಲ. ಅದಕ್ಕೆ ಶಾಸನೋಕ್ತವಾದ ಲಕ್ಷಣವುಂಟು. 1964ಕ್ಕೆ ಮೊದಲು ಸ್ಥಾಪಿತವಾಗಿ, ಕಪ್ಪು ಜನರ ವಿದ್ಯಾಭ್ಯಾಸವನ್ನೇ ಮುಖ್ಯೋದ್ದೇಶವಾಗಿ ಉಳ್ಳ ಮಾನ್ಯ ವಿದ್ಯಾಲಯಗಳಿಗೆ 1965ರ ಉಚ್ಚಶಿಕ್ಷಣ ಶಾಸನವು ಈ ಸಂಜ್ಞೆಯನ್ನು ಕೊಟ್ಟಿತು. ಪೆನ್ಸಿಲ್ವೇನಿಯಾದ ಚೇನಿ 1837ರದು. ವಾಷಿಂಗ್ಟನ್ನಿನ ಹೋವರ್ಡ್ 1867ರದು. ಇಂದು ಇಂಥವು ನೂರರ ಸುಮಾರಿನಲ್ಲಿವೆ. ಇತರ ವಿದ್ಯಾಲಯಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ವೈದ್ಯರನ್ನೂ ನ್ಯಾಯವಾದಿಗಳನ್ನೂ ಉಪಾಧ್ಯಾಯರನ್ನೂ ಸಿದ್ಧಗೊಳಿಸಿದ ಕೀರ್ತಿ ಇವಕ್ಕೆ ಸಲ್ಲತಕ್ಕದ್ದು.

ವಾಣಿಜ್ಯದ ಮಾತು ಬೇರೆ. ದೊಡ್ಡ ಸಂಸ್ಥೆಗಳ ಮೇಲಿನ ಹುದ್ದೆಗಳು ಕಪ್ಪು ಜನರಿಗೆ ಬಹುಕಾಲ ದೊರೆಯಲಿಲ್ಲವಾದ್ದರಿಂದ, ಆ ಮಾರ್ಗವನ್ನು ನಡೆದು ಕಂಡ ಗುರುಗಳು ಈ ಕಾಲೇಜುಗಳಲ್ಲಿ ವಿರಳರಾಗಿದ್ದರು. ಸೂತ್ರಬದ್ಧವಾದ ವ್ಯಾಕರಣವೇ ಗುರುಮುಖವಿಲ್ಲದೆ ಬಾರದೆಂಬುದು ನಮ್ಮ ಪಾಠಶಾಲೆಗಳ ಅನುಭವ. ಹೀಗಿರುವಲ್ಲಿ, ಸಭೆಯಲ್ಲಿ ಯಾವಾಗ ಮಾತನಾಡಬೇಕು, ಮೇಲಧಿಕಾರಿಗೆ ಆಕ್ಷೇಪಣೆಯನ್ನು ಹೇಗೆ ಸೂಚಿಸಬೇಕು ಎಂಬ ಅಲಿಖಿತ ವಿದ್ಯೆಯನ್ನು ಗ್ರಂಥದಿಂದ ಪಡೆಯುವುದೆಂತು?

ಈ ಕೊರತೆಯನ್ನು ತುಂಬಲು ನೌಕರಕೂಟಗಳು ಸಮರ್ಥವಾದುವು. ಇವು ವೇತನಕ್ಕಾಗಿ ಹೋರಾಡುವ ಕಾರ್ಮಿಕಸಂಘಗಳಲ್ಲ; ಒಂದೇ ಸಂಸ್ಥೆಯಲ್ಲಿ ದುಡಿಯುವ ಸಮಾನದುಃಖಿಗಳ ಪರಸ್ಪರಸಹಾಯಕ ಕೂಟಗಳು. 1964ರಲ್ಲಿ ರಾಚೆಸ್ಟರ್ ನಗರದಲ್ಲಿ ವರ್ಣಕಲಹವಾದ ತರುವಾಯ ಅಲ್ಲಿಯ ಜೆರಾಕ್ಸ್ ಸಂಸ್ಥೆಯ ಅಧ್ಯಕ್ಷ ಜೋಸೆಫ್ ವಿಲ್ಸನ್ ಕಪ್ಪು ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಮುಂದಾದನು. ಸೇರಿದವರು ತಮಗೆ ಬಡ್ತಿಯಲ್ಲಿಯೂ ಮಾರಾಟದ ಕ್ಷೇತ್ರಗಳ ಹಂಚಿಕೆಯಲ್ಲಿಯೂ ಅನ್ಯಾಯವಾಗುವುದನ್ನು ಕಂಡು 1970ರ ಸುಮಾರಿಗೆ ಕೂಟಗಳನ್ನು ಕಟ್ಟಿಕೊಂಡರು. ಧಣಿಗಳ ಔದಾರ್ಯದಿಂದ ಹುಟ್ಟಿದವಲ್ಲ ಇವು ಎಂಬುದನ್ನು ವಾಚಕರು ಗಮನಿಸಬೇಕು.

ಕಾಲೇಜುಗಳ ಕಡೆಗೆ ಹಾದಿಯನ್ನು ತೆರೆದದ್ದು ಇನ್ನೊಂದು ಯತ್ನ. 1969ರಲ್ಲಿ ನ್ಯಾಷನಲ್ ಅರ್ಬನ್ ಲೀಗ್ ಎಂಬ ಸಂಸ್ಥೆಯು, ವಾಣಿಜ್ಯದಲ್ಲಿ ಅಧಿಕಾರಿಗಳಾಗಿದ್ದ ಕಪ್ಪು ಜನರನ್ನು ಈ ಕಾಲೇಜುಗಳಿಗೆ ಅತಿಥಿ ಉಪಾಧ್ಯಾಯರನ್ನಾಗಿ ಕಳುಹಿಸುವ ಏರ್ಪಾಟನ್ನು ಮಾಡಿತು. 2013ರಲ್ಲಿ ಗೂಗಲ್ ಸಂಸ್ಥೆಯು ತನ್ನ ಎಂಜಿನಿಯರರನ್ನು ಹೋವರ್ಡಿಗೆ ಕಳುಹಿಸಿ, ಅಲ್ಲಿಯೇ ನೆಲಸಿ ಗಣಕಶಾಸ್ತ್ರದ ಪ್ರಥಮ ಪಾಠಗಳನ್ನು ಹೇಳಿಸಿತು. 2017ರಲ್ಲಿ ಹೋವರ್ಡಿನ ವಿದ್ಯಾರ್ಥಿಗಳೇ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಆ ಸಂಸ್ಥೆಯ ಆವರಣದಲ್ಲಿ ವ್ಯಾಸಂಗ ಮಾಡಿದರು. ಗುರುವು ಬರುತ್ತಿದ್ದ ಕಡೆಗೆ ಶಿಷ್ಯರು ಹೋದಂತಾಯಿತು.

ಕೂಟದ ಸದಸ್ಯರು ಇಂದು ಮಾಡುವ ಕೆಲಸ ಬಹುವಿಧ: ಅರ್ಜಿಗಳನ್ನು ತಿದ್ದುವುದು, ಸಂದರ್ಶನವನ್ನು ಅಭ್ಯಾಸಮಾಡಿಸುವುದು, ಪಾಠಕ್ರಮದ ವಿಷಯದಲ್ಲಿ ಸಲಹೆ ಕೊಡುವುದು. ವರ್ಷಕ್ಕೊಂದು ದಿನ ಬಂದು ನಾಲ್ವರನ್ನು ಆರಿಸಿಕೊಂಡು ಹೋಗುವುದಕ್ಕೆ ಸಹಯೋಗವೆಂಬ ಹೆಸರು ಸಲ್ಲದೆಂದು ನನ್ನ ಮತ. ಆದರೆ ಸದಸ್ಯರಿಗೆ ಇದು ಸ್ವಂತ ಉದ್ಯೋಗದ ಮೇಲಿನ ಸೇವೆ. ಅವರಲ್ಲಿ ಮುಖ್ಯನಾದವನು ಬೇರೆ ಸಂಸ್ಥೆಗೆ ಹೋದರೆ ಕಾಲೇಜಿನ ನಂಟು ಸಡಿಲವಾಗುತ್ತದೆ. ಆದುದರಿಂದ ಕಾಲೇಜು ಒಬ್ಬ ವ್ಯಕ್ತಿಯನ್ನು ನಂಬದೆ, ಪಾಠದ ಅವಧಿಯನ್ನೂ ವೆಚ್ಚವನ್ನೂ ಸಂಸ್ಥೆಯಿಂದಲೇ ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಯುಕ್ತ.