ಕಾರಿನ ಎಂಜಿನ್ ಕೆಟ್ಟರೆ ಏನು ಮಾಡೋದು?

ಉರಿಗಾಂ, ಮಾರಿಕುಪ್ಪಂ, ಚಾಂಪಿಯನ್ ರೀಫ್. ಇವು ಚಿನ್ನದ ಗಣಿಯ ಊರುಗಳು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆಮೇಲೆ ತುಂಬಾ ಜನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೊರಟರು. ಕೆಲವು ಮನೆಗಳಿಗೆ ಹಳೇ ಬಾಡಿಗೆ ಕಾರೇ ಅನ್ನ ಕೊಡುತ್ತದೆ. ಅಂಥ ಕಾರಿನ ಎಂಜಿನ್ ಕೆಟ್ಟಿತು ಅನ್ನಿ. ಮೊದಲು ಕಣ್ಣು ಬೀಳುವುದು ಹೆಂಗಸಿನ ಓಲೆ, ಸರದ ಮೇಲೆ. ಅದಕ್ಕೇ ಅಕ್ಕ, ಈ ಲೆಕ್ಕ ನಿಮಗೂ ಗೊತ್ತಿರಬೇಕು.

ಎಂಜಿನ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಅದು ಸವೆಯದ ಹಾಗೆ ಆಯಿಲ್ ಕಾಯುತ್ತದೆ. ಬಿಸಿ ಏರದ ಹಾಗೆ ರೇಡಿಯೇಟರ್ ನೀರು ಕಾಯುತ್ತದೆ. ನೀರಿಲ್ಲದ ಪಾತ್ರೆ ಒಲೆಯ ಮೇಲೆ ಬಿಟ್ಟರೆ ಏನಾಗುತ್ತದೆ? ಎಂಜಿನ್ನಿಗೂ ಅದೇ ಗತಿ. ಹೆಡ್ ಡೊಂಕಾಗುತ್ತದೆ. ಗ್ಯಾಸ್ಕೆಟ್ ಹೋಗುತ್ತದೆ. ಆಯಿಲ್ ಮುಗಿದರೆ ಇನ್ನೂ ಕೇಡು. ಪಿಸ್ಟನ್ ಕಚ್ಚಿಕೊಂಡು ನಿಂತೇ ಬಿಡುತ್ತದೆ. ಇದನ್ನು 'ಸೀಜ್' ಅನ್ನುತ್ತಾರೆ.

ಹೊಗೆ ನೋಡಿದರೂ ಸ್ವಲ್ಪ ತಿಳಿಯುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಚಳಿಗೆ ಬೆಳಗ್ಗೆ ಸ್ವಲ್ಪ ಬಿಳಿ ಹೊಗೆ ಬರುವುದು ಸಹಜ. ಬಿಡದೆ ಬಂದರೆ ನೀರು ಒಳಗೆ ಇಳಿಯುತ್ತಿರಬಹುದು. ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದರೆ ಅದರಲ್ಲಿ ನೀರು ಸೇರಿದೆ.

"ಎಂಜಿನ್ ಹೋಯ್ತು" ಅಂದ ಮಾತ್ರಕ್ಕೆ ಬೇರೆ ಎಂಜಿನ್ ತರಬೇಡಿ. ಬಿಚ್ಚಿ ತೋರಿಸಿ ಅನ್ನಿ. ಗ್ಯಾಸ್ಕೆಟ್ ಮಾತ್ರ ಹೋಗಿದ್ದರೆ ಸಣ್ಣ ಕೆಲಸ. ಬೋರ್ ಸವೆದಿದ್ದರೆ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸಬಹುದು. ಬ್ಲಾಕ್ ಸೀಳಿ ಹೋಗಿದ್ದರೆ ಬೇರೆ ಎಂಜಿನ್ನೇ ಬೇಕಾಗಬಹುದು. ಖರ್ಚೆಷ್ಟು ಅಂತ ಚೀಟಿಯಲ್ಲಿ ಬರೆಸಿ. ಇನ್ನೊಬ್ಬ ಮೆಕಾನಿಕ್ ಹತ್ತಿರವೂ ಕೇಳಿ. ಈಗ ಓದು ಬರುತ್ತದಲ್ವಾ? ಚೀಟಿ ನೀವೇ ಓದಿ.

ಈಗ ಲೆಕ್ಕ. ಓಡುವ ಕಾರು 50,000 ರೂಪಾಯಿಗೆ ಹೋಗುತ್ತದೆ ಅಂದುಕೊಳ್ಳಿ. ಕೆಟ್ಟದ್ದನ್ನು ಹಾಗೇ ಮಾರಿದರೆ 15,000. ವ್ಯತ್ಯಾಸ 35,000. ರಿಪೇರಿಗೆ 25,000 ಆದರೆ ಮಾಡಿಸಬಹುದು. 45,000 ಕೇಳಿದರೆ? ಕೈಯಿಂದ 10,000 ಹೋದ ಹಾಗೆ. ಗಣಿಯಲ್ಲೂ ಹೀಗೇ ಆಯಿತು. ಅಗೆಯುವ ಖರ್ಚು ಸಿಗುವ ಚಿನ್ನದ ಬೆಲೆಯನ್ನು ಮೀರಿತು.

ಆದರೆ ಬೆಲೆಯೊಂದೇ ಲೆಕ್ಕವಲ್ಲ. ಹೊಸದಾಗಿ ಕೊಳ್ಳುವ ಹಳೇ ಕಾರಿನ ಒಳಗೆ ಏನಿದೆಯೋ ಯಾರಿಗೆ ಗೊತ್ತು? ನಿಮ್ಮ ಕಾರಿನ ಗುಣ ನಿಮಗೆ ಗೊತ್ತು. ತಳ ತುಕ್ಕು ಹಿಡಿದಿಲ್ಲ, ಗೇರ್ ಚೆನ್ನಾಗಿದೆ ಅಂದರೆ ಸ್ವಲ್ಪ ಹೆಚ್ಚು ಕೊಟ್ಟರೂ ರಿಪೇರಿಯೇ ವಾಸಿ ಅಂತ ನನಗನಿಸುತ್ತದೆ. ತಳವೇ ತೂತಾಗಿದ್ದರೆ ಓಲೆ ಅಡ ಇಡಬೇಡಿ. ಬಿಡಿಭಾಗ ಸಿಗುತ್ತದಾ ಅಂತಲೂ ಕೇಳಿ. ಅಂಬಾಸಿಡರ್ ಕಾರು ತಯಾರಿಸುವುದು 2014ರಲ್ಲೇ ನಿಂತಿದೆ.

ಹಳೇ ಎಂಜಿನ್ ತರುವುದಾದರೆ ಬಿಲ್ ಇಲ್ಲದೆ ತರಬೇಡಿ. ಕದ್ದ ಮಾಲಾಗಿದ್ದರೆ ಪೊಲೀಸರು ನಿಮ್ಮ ಬಾಗಿಲಿಗೇ ಬರುತ್ತಾರೆ. ಆರ್.ಸಿ.ಯಲ್ಲಿ ಎಂಜಿನ್ ನಂಬರ್ ಇರುತ್ತದೆ. ಎಂಜಿನ್ ಬದಲಿಸುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಹೊಸ ನಂಬರ್ ಅದರಲ್ಲಿ ಸೇರಿಸಬೇಕು. ಕೆ.ಎ. 08 ಅಂತ ಬೋರ್ಡ್ ಇರುವ ಗಾಡಿಗಳು ಕೆ.ಜಿ.ಎಫ್.ನವು.