ತುಂಬಿದ ಪಡ್ಲಿಗಿ

ಭರತ ಹುಣ್ಣಿಮೆ ಬಂತೆಂದರೆ ಉಚ್ಚಂಗಿದುರ್ಗದ ಹಾಲಮ್ಮನ ತೋಪಿನ ತುಂಬ ಒಲೆಗಳು. ಟ್ರ್ಯಾಕ್ಟರಿನಲ್ಲಿ, ಎತ್ತಿನ ಗಾಡಿಯಲ್ಲಿ ಬಂದವರು ಮರದಡಿ ಬೀಡುಬಿಟ್ಟು, ಮೂರು ಕಲ್ಲು ಹೂಡಿ, ಕಡಲೆಬೇಳೆ ಬೇಯಲಿಡುತ್ತಾರೆ. ಹೂರಣ ಹದಕ್ಕೆ ಬರುವಷ್ಟರಲ್ಲಿ ಬೆಲ್ಲದ ಘಮಕ್ಕೆ ಭಂಡಾರದ ಅರಿಸಿನದ ಘಮ ಬೆರೆತಿರುತ್ತದೆ. ಹಸಿದ ಮಕ್ಕಳು ಸುತ್ತ ಕೂತಿದ್ದರೂ ಮೊದಲ ಹೋಳಿಗೆ ಅವರ ಕೈಗೆ ಬರುವುದಿಲ್ಲ. ಅದು ಪಡ್ಲಿಗಿಗೆ.

ಪಡ್ಲಿಗಿ ಎಂದರೆ ಬಿದಿರಿನ ಬುಟ್ಟಿ. ಕೆಲವರ ಬಾಯಲ್ಲಿ ಹಡ್ಲಿಗಿ. ದೇವಿಯ ಸೇವೆಗೆ ಬಿಟ್ಟ ಜೋಗಮ್ಮ ಮನೆಮನೆಗೆ ಜೋಗ ಬೇಡಲು ಹೋಗುವಾಗ ಇದರಲ್ಲೇ ಭಂಡಾರ ಇರುತ್ತದೆ, ಇದಕ್ಕೇ ಜೋಳವೋ ಹಿಟ್ಟೋ ಬೀಳುತ್ತದೆ. ಹರಕೆ ಹೊತ್ತವರು ಹುಣ್ಣಿಮೆಯಂದು ಇದನ್ನು ತುಂಬಿಸುತ್ತಾರೆ: ಹೋಳಿಗೆ, ಕಡುಬು, ಅನ್ನ, ರೊಟ್ಟಿ, ಬದನೆಕಾಯಿ ಪಲ್ಯ, ಮನೆಯಲ್ಲಿ ಏನು ಬೆಳೆದಿದೆಯೋ ಅದು. ಹಿಂಗಾರಿ ಜೋಳ ಕೈಗೆ ಬರುವ ಕಾಲ ಇದು. ಹೊಲದ ಸುಗ್ಗಿಯೇ ಬುಟ್ಟಿಯಲ್ಲಿ ಕೂತಂತೆ. ಸಾಲಾಗಿಟ್ಟ ಬುಟ್ಟಿಗಳ ಮುಂದೆ ದೀಪ ಹಚ್ಚಿ, ‘ಉಧೋ ಉಧೋ’ ಎಂದು ಕೂಗಿ, ಆಮೇಲೆ ಹಂಚಿಕೊಂಡು ಉಣ್ಣುವುದು. ಊರೆಲ್ಲ ಬೇಡಿದವಳ ಬುಟ್ಟಿಯ ಅನ್ನವೇ ಅಂದು ಎಲ್ಲರಿಗೂ ಪ್ರಸಾದ. ನನ್ನನ್ನು ಹಿಡಿದಿಟ್ಟುಕೊಂಡದ್ದು ಈ ಮಾತೇ.

ಜೊತೆಗೆ ಚೌಡಿಕೆ. ಕೊಳಗದಂಥ ಮರದ ಪಾತ್ರೆಯ ತಳಕ್ಕೆ ಚರ್ಮ, ಅದರ ನಡುವಿನಿಂದ ಮೇಲಕ್ಕೆಳೆದ ಒಂದೇ ತಂತಿ. ಕಂಕುಳಲ್ಲಿ ಅವುಚಿ ಮೀಟಿದರೆ ದೇವಿ ರೇಣುಕೆ ಮರಳ ಕೊಡ ಹೊತ್ತ ಕಥೆ ಇರುಳಿಡೀ ಸಾಗುತ್ತದೆ. ಇದೇ ಸೀಮೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಈ ಹಾಡು, ಕೊಡ ಹೊತ್ತ ಕುಣಿತಗಳನ್ನು ಕಾಳವ್ವ ಜೋಗತಿಯಿಂದ ಕಲಿತು, ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆದರು.

ಇದೇ ಬುಟ್ಟಿಯನ್ನು ಎಳೆಯ ಹುಡುಗಿಯರ ಕೈಗೂ ಕೊಡಲಾಗಿತ್ತು, ಕೊರಳಿಗೆ ದೇವದಾಸಿಯಾಗಿಸುವ ಮುತ್ತು ಕಟ್ಟಿ. ಬಡವರ, ದಲಿತರ ಮನೆಯ ಮಕ್ಕಳೇ ಹೆಚ್ಚು. ಇದನ್ನು ತಡೆಯಲು ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರಲ್ಲೇ ಬಂತು. ಪಡ್ಲಿಗಿಯ ಅಡುಗೆ, ಹಾಡು ಉಳಿಯಲಿ ಎಂದು ಬಯಸುವ ನಾನು, ಮುತ್ತು ಮಾತ್ರ ಯಾವ ಕೊರಳಿಗೂ ಬೀಳಬಾರದು ಎಂದು ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ.

ತೋಪಿನ ಮೇಲೆ ಬೆಟ್ಟದಲ್ಲಿ ಕೋಟೆ ಇದೆ. ಉಚ್ಚಂಗಿಯ ಪಾಂಡ್ಯರು ಆಳಿದ್ದು. ಹೊಯ್ಸಳ ಇಮ್ಮಡಿ ಬಲ್ಲಾಳ ಗೆದ್ದು ‘ಗಿರಿದುರ್ಗಮಲ್ಲ’ ಎನಿಸಿಕೊಂಡದ್ದು. ಅರಸರಷ್ಟೇ ಏಕೆ, ಜಿಲ್ಲೆಗಳೂ ಬದಲಾದವು. ಉಚ್ಚಂಗಿದುರ್ಗ ಇರುವ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ದೇವಿ ಉಚ್ಚೆಂಗೆಮ್ಮನ ಗುಡ್ಡಕ್ಕೆ ಬರುವ ಗಾಡಿಗಳ ದಾರಿ ಮಾತ್ರ ಅದೇ.

ಮರುದಿನ ತೋಪಿನಲ್ಲಿ ಬೂದಿ, ಮಸಿ ಹಿಡಿದ ಕಲ್ಲು. ಹೊರಟ ಗಾಡಿಯೊಂದರಲ್ಲಿ ಬಿಳಿ ಬಟ್ಟೆಯ ಗಂಟು, ಅದರಲ್ಲಿ ಎರಡು ಹೋಳಿಗೆ. ಗುಡ್ಡ ಹತ್ತಲಾಗದೆ ಮನೆಯಲ್ಲುಳಿದ ಅಜ್ಜಿಗೆ.