ಕಡಲ ನೀರಿನ ಸಣ್ಣ ಮೀನುತೊಟ್ಟಿ: ಅಲ್ಪ ವೆಚ್ಚದಲ್ಲಿ ಸ್ಥಾಪಿಸುವ ಕ್ರಮ

ಹಾಸನದ ಬಳಿಯ ಶೆಟ್ಟಿಹಳ್ಳಿಯು ಹೇಮಾವತಿಯ ಹಿನ್ನೀರಿನ ದಂಡೆಯಲ್ಲಿರುವ ಗ್ರಾಮವು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅಲ್ಲಿನ ಚರ್ಚು, ಗೊರೂರಿನ ಅಣೆಕಟ್ಟೆಯು 1979ರಲ್ಲಿ ಸಿದ್ಧವಾದಂದಿನಿಂದ ಮಳೆಗಾಲದಲ್ಲಿ ನೀರಿನೊಳಗೆ ನಿಲ್ಲುವುದೂ ಬೇಸಗೆಯಲ್ಲಿ ಮತ್ತೆ ಕಾಣಿಸಿಕೊಳ್ಳುವುದೂ ಎಲ್ಲರಿಗೂ ತಿಳಿದ ಸಂಗತಿಯೇ ಸರಿ. ಇಲ್ಲಿಯ ಜನರಿಗೆ ನೀರು ಹೊಸದಲ್ಲ. ಕಾಟ್ಲಾ, ರೋಹು, ಮೃಗಾಲ್ ಮೀನುಗಳೂ ಹೊಸವಲ್ಲ. ಆದರೆ ಜಲಾಶಯದ ಪೂರ್ಣಮಟ್ಟವೇ ಸಮುದ್ರಮಟ್ಟದಿಂದ 2922 ಅಡಿ ಮೇಲಿರುವ ಈ ಪ್ರದೇಶದಲ್ಲಿ ಕಡಲನ್ನು ಕಣ್ಣಾರೆ ಕಾಣದ ಮಕ್ಕಳು ಅನೇಕರುಂಟು. ಇಂಥ ಗ್ರಾಮದ ಪಾಠಶಾಲೆಯಲ್ಲಾಗಲಿ ಅನುಕೂಲಸ್ಥರ ಮನೆಯ ಪಡಸಾಲೆಯಲ್ಲಾಗಲಿ ಉಪ್ಪುನೀರಿನ ಮೀನುತೊಟ್ಟಿಯೊಂದನ್ನು ಇಡಬಹುದೇ, ಇಟ್ಟರೆ ಎಷ್ಟರಲ್ಲಿ ಮುಗಿಸಬಹುದು, ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಇಡಬಹುದೆಂಬುದು ನಿಜ. ಆದರೆ ಆತುರದಿಂದ ಇಟ್ಟ ತೊಟ್ಟಿಯಲ್ಲಿ ಮೀನುಗಳು ಹತ್ತು ಹದಿನೈದು ದಿನಗಳೊಳಗೆ ಸಾಯುವುದೇ ಹೆಚ್ಚು. ಊರಿನ ಹಣದಿಂದ ತಂದ ಮೀನು ಮಕ್ಕಳ ಕಣ್ಣೆದುರಿಗೆ ಸತ್ತು ತೇಲಿದರೆ ಹಣದ ನಷ್ಟವು ಒಂದಾದರೆ, ಅಂಥ ಕಾರ್ಯದಲ್ಲಿ ಊರವರಿಗಿರುವ ನಂಬಿಕೆಯ ನಷ್ಟವು ಇನ್ನೊಂದು. ಆದುದರಿಂದ ಎಲ್ಲಿ ಉಳಿತಾಯ ಮಾಡಬಹುದು, ಎಲ್ಲಿ ಮಾಡಕೂಡದು, ಎಂಬುದನ್ನು ಮುಖಂಡರು ಮೊದಲೇ ತಿಳಿದಿರತಕ್ಕದ್ದು.

1. ತೊಟ್ಟಿಯ ಅಳತೆ

ಚಿಕ್ಕ ತೊಟ್ಟಿಯು ಅಗ್ಗವೆಂದು ತಿಳಿಯುವುದು ಮೊದಲನೆಯ ತಪ್ಪು. 20 ಲೀಟರಿನ ತೊಟ್ಟಿಯಲ್ಲಿ ಒಂದು ಹಿಡಿ ಆಹಾರ ಹೆಚ್ಚಾದರೂ ನೀರು ಕೆಡುವುದು. ಒಂದು ದಿನದ ಬಿಸಿಲಿಗೆ ಉಪ್ಪಿನ ಪ್ರಮಾಣವು ಏರುವುದು. ಸಣ್ಣ ಕಟ್ಟೆಯು ಬೇಗ ಬತ್ತಿ ದೊಡ್ಡ ಕೆರೆಯು ತಡೆದು ನಿಲ್ಲುವಂತೆಯೇ ಇದೂ. 90 ಸೆಂಟಿಮೀಟರ್ ಉದ್ದ, 35 ಅಗಲ, 35 ಎತ್ತರದ ತೊಟ್ಟಿಯು ಯೋಗ್ಯವಾದುದು. ಮೇಲೆ 5 ಸೆಂಟಿಮೀಟರ್ ಖಾಲಿ ಬಿಟ್ಟು, ಮರಳು ಕಲ್ಲುಗಳ ಜಾಗವನ್ನು ಕಳೆದರೆ ಸುಮಾರು 80 ಲೀಟರ್ ನೀರು ಹಿಡಿಯುವುದು. 6 ಮಿಲಿಮೀಟರಿಗೆ ಕಡಮೆಯಿಲ್ಲದ ಗಾಜನ್ನು ಪಟ್ಟಣದ ಗಾಜಿನ ಅಂಗಡಿಯಲ್ಲಿ ಕತ್ತರಿಸಿ, ಶಿಲೀಂಧ್ರನಾಶಕ ಬೆರೆಸದ ಸಿಲಿಕೋನ್ ಅಂಟಿನಿಂದ ಕೂಡಿಸಿದರೆ ಸಿದ್ಧವಸ್ತುವಿಗಿಂತ ಕಡಮೆ ವೆಚ್ಚದಲ್ಲಿ ಆಗುವುದು. ಅಂಟು ಒಂದು ವಾರ ಒಣಗಿದ ಮೇಲೆ ಸಿಹಿನೀರು ತುಂಬಿ ಸೋರಿಕೆಯನ್ನು ಪರೀಕ್ಷಿಸತಕ್ಕದ್ದು. ತುಂಬಿದ ತೊಟ್ಟಿಯು ನೂರು ಕಿಲೋಗ್ರಾಮಿಗೂ ಹೆಚ್ಚು ತೂಗುವುದರಿಂದ ಕಲ್ಲಿನ ಜಗಲಿಯಾಗಲಿ ಗಟ್ಟಿಯಾದ ಕಟ್ಟೆಯಾಗಲಿ ಇರಬೇಕು. ನೇರವಾದ ಬಿಸಿಲು ಬೀಳಕೂಡದು. ಬಿದ್ದರೆ ಪಾಚಿ ಕಟ್ಟುವುದು.

2. ನೀರು ಮತ್ತು ಉಪ್ಪು

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುವುವು. ಇವುಗಳಲ್ಲಿ ನಾವು ಅಡಿಗೆಗೆ ಬಳಸುವ ಉಪ್ಪಿನ ಅಂಶವು ನೂರಕ್ಕೆ 85ರಷ್ಟು ಮಾತ್ರ. ಉಳಿದುದು ಮೆಗ್ನೀಸಿಯಂ, ಗಂಧಕದ ಲವಣಗಳು, ಸುಣ್ಣ, ಪೊಟ್ಯಾಸಿಯಂ ಮೊದಲಾದುವು. ಆದಕಾರಣ ಅಡಿಗೆಯ ಉಪ್ಪನ್ನು ಕಲಸಿದ ನೀರು ಕಡಲ ನೀರಾಗದು. ಇದಕ್ಕಾಗಿಯೇ ತಯಾರಿಸಿದ ಸಮುದ್ರಲವಣದ ಮಿಶ್ರಣವನ್ನು ಕೊಳ್ಳತಕ್ಕದ್ದು. ಮೊದಲ ಸಲಕ್ಕೆ 3 ಕಿಲೋಗ್ರಾಂ ಸಾಕಾಗುವುದು. ಇಲ್ಲಿ ಉಳಿತಾಯವು ಸಲ್ಲದು.

ಮಂಗಳೂರಿನ ಕಡೆಯಿಂದ ನೀರನ್ನೇ ತರಬಹುದಷ್ಟೆ ಎಂದು ಕೆಲವರು ಕೇಳಬಹುದು. ಶಿರಾಡಿ ಘಟ್ಟದ ದಾರಿಯಲ್ಲಿ ಬೇರೆ ಕಾರ್ಯಕ್ಕೆ ವಾಹನವು ಹೋಗಿ ಬರುವುದಾದರೆ ಇದು ಲಾಭಕರವೇ ಸರಿ. ಆದರೆ ಮಳೆಗಾಲದಲ್ಲಿ ನೇತ್ರಾವತಿ ಮೊದಲಾದ ಹೊಳೆಗಳ ಸಿಹಿನೀರು ದಂಡೆಯ ಕಡಲಿಗೆ ಬೆರೆಯುವುದರಿಂದ ಆಗ ತರಕೂಡದು. ಒಣಕಾಲದಲ್ಲಿ, ಅಳಿವೆಯಿಂದಲೂ ಬಂದರಿನಿಂದಲೂ ದೂರವಾದ ದಂಡೆಯಲ್ಲಿ ಹಿಡಿದು ತರತಕ್ಕದ್ದು.

ಮಿಶ್ರಣವನ್ನು ಕಲಸುವುದಕ್ಕೆ ಮಳೆಯ ನೀರೇ ಉತ್ತಮವು. ಮೊದಲ ಕೆಲವು ಮಳೆಗಳನ್ನು ಬಿಟ್ಟು, ಶುಚಿಯಾದ ಹೆಂಚಿನ ಮಾಡಿನಿಂದ ಪ್ಲಾಸ್ಟಿಕ್ ಪೀಪಾಯಿಗೆ ಹಿಡಿದ ನೀರಿಗೆ ಖರ್ಚಿಲ್ಲ. ಕೊಳವೆಬಾವಿಯ ನೀರಿನಲ್ಲಿ ಗೊಬ್ಬರದ ನೈಟ್ರೇಟ್ ಇಳಿದಿರುವುದುಂಟು. ತಾಮ್ರದ ಹಂಡೆಯನ್ನೂ ಸತುವಿನ ತಗಡಿನ ಬಕೆಟ್ಟನ್ನೂ ಮುಟ್ಟಿಸಕೂಡದು. ಕಾಫಿ, ಅಡಕೆ ತೋಟಗಳಿಗೆ ಬೋರ್ಡೋ ದ್ರಾವಣ ಕಲಸಿದ ಪಾತ್ರೆಯಂತೂ ಎಷ್ಟು ತೊಳೆದರೂ ಇದಕ್ಕೆ ಯೋಗ್ಯವಲ್ಲ. ಅತ್ಯಲ್ಪ ತಾಮ್ರವೂ ಸೀಗಡಿ, ಶಂಖದ ಹುಳು ಮೊದಲಾದುವನ್ನು ಕೊಲ್ಲುವುದು.

ಕಲಸಿದ ನೀರನ್ನು ಒಂದು ದಿನ ಗಾಳಿಯಾಡಿಸಿ, ಸಾಂದ್ರತಾಮಾಪಕದಿಂದ ನೋಡತಕ್ಕದ್ದು. ಅಂಕವು 1.023ರಿಂದ 1.026ರ ಒಳಗಿರಬೇಕು. ನೀರು ಆರಿದಾಗ ಉಪ್ಪು ಆರುವುದಿಲ್ಲ. ಕೆರೆಯಂಗಳದಲ್ಲಿ ಬೇಸಗೆಗೆ ಬಿಳಿಯ ಚೌಳು ಏಳುವುದೂ ಇದೇ ಕಾರಣದಿಂದಲೇ. ಆದುದರಿಂದ ಆರಿದಷ್ಟಕ್ಕೆ ಸಿಹಿನೀರನ್ನೇ ತುಂಬತಕ್ಕದ್ದು, ಉಪ್ಪುನೀರನ್ನಲ್ಲ.

3. ಉಪಕರಣಗಳು

ಗಾಳಿಯ ಪಂಪು ಒಂದು, ಅದಕ್ಕೆ ಸೇರಿಸಿದ ಸ್ಪಂಜಿನ ಸೋಸುಕ ಎರಡು, ತಾಪಮಾಪಕ ಒಂದು, ತಾನೇ ಆರುವ ಬಗೆಯ 100 ವಾಟಿನ ಬಿಸಿಕಡ್ಡಿ ಒಂದು, ಇವಿಷ್ಟು ಅವಶ್ಯಕವು. ನೀರಿನ ಉಷ್ಣತೆಯು 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಾಸನದ ಸೀಮೆಯ ಮಾಗಿಯ ರಾತ್ರಿಗಳಲ್ಲಿ ಬಿಸಿಕಡ್ಡಿಯಿಲ್ಲದೆ ನಡೆಯದು. ವಿದ್ಯುತ್ತು ನಿಂತಾಗ ನಡೆಸಲು ಬ್ಯಾಟರಿಯ ಸಣ್ಣ ಪಂಪೊಂದನ್ನು ಇಟ್ಟುಕೊಳ್ಳತಕ್ಕದ್ದು. ಗಾಳಿಯಿಲ್ಲದ ಬೆಚ್ಚನೆಯ ನೀರಿನಲ್ಲಿ ಮೀನು ಕೆಲವೇ ಗಂಟೆಗಳಲ್ಲಿ ಉಸಿರುಗಟ್ಟುವುದು.

ತಳಕ್ಕೆ ಚೆನ್ನಾಗಿ ತೊಳೆದ ಚಿಪ್ಪಿನ ನುಚ್ಚನ್ನು ಎರಡು ಬೆರಳು ದಪ್ಪ ಹಾಸಬಹುದು. ಮೀನು ಅಡಗಲು ಬೆಣಚುಕಲ್ಲುಗಳನ್ನು ಉಜ್ಜಿ ತೊಳೆದು ಜೋಡಿಸಿದರೆ ಸಾಕು. ಅಂದಕ್ಕಾಗಿ ಹವಳವನ್ನು ತರುವ ಆಸೆಯನ್ನು ಬಿಡತಕ್ಕದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ 2001ರಲ್ಲಿ ಹವಳಗಳನ್ನೂ ಕಡಲಕುದುರೆಯನ್ನೂ ಸೇರಿಸಲಾಗಿದೆ. ಅಗ್ಗವಾಗಿ ಕೊಡುತ್ತೇನೆಂದು ಯಾರಾದರೂ ಹೇಳಿದರೂ ಕೊಳ್ಳಕೂಡದು.

4. ಕಾಯುವ ತಿಂಗಳು

ಮೀನುಗಳು ಸಾಯುವುದು ಹೆಚ್ಚಾಗಿ ಇಲ್ಲಿಯೇ. ರೈತನಿಗೆ ಸುಲಭವಾಗಿ ಅರ್ಥವಾಗುವ ವಿಷಯವೂ ಇದೇ. ಹಸಿಯ ಸಗಣಿಯನ್ನು ಬೆಳೆಯ ಬುಡಕ್ಕೆ ಹಾಕದೆ ತಿಪ್ಪೆಯಲ್ಲಿ ಕಳಿಸುವುದುಂಟಷ್ಟೆ. ಅಲ್ಲಿ ಸಾರಜನಕವು ಮೊದಲು ಅಮೋನಿಯವಾಗಿ, ಅನಂತರ ಸೂಕ್ಷ್ಮಜೀವಿಗಳಿಂದ ನೈಟ್ರೈಟಾಗಿ, ಕಡೆಗೆ ನೈಟ್ರೇಟಾಗಿ ಮಾರ್ಪಡುವುದು. ಈ ಜೀವಿಗಳನ್ನು ವಿನೋಗ್ರಾಡ್ಸ್ಕಿ ಎಂಬ ವಿಜ್ಞಾನಿಯು 1890ರಲ್ಲಿ ಬೇರ್ಪಡಿಸಿ ತೋರಿಸಿದನು. ತೊಟ್ಟಿಯಲ್ಲಿ ನಡೆಯುವುದೂ ಇದೇ ಕಾರ್ಯವು. ಮೀನಿನ ಮಲ ಮತ್ತು ಮಿಕ್ಕ ಆಹಾರದಿಂದ ಅಮೋನಿಯ ಹುಟ್ಟುವುದು. ಹೊಸ ತೊಟ್ಟಿಯಲ್ಲಿ ಅದನ್ನು ಮಾರ್ಪಡಿಸುವ ಜೀವಿಗಳು ಇನ್ನೂ ನೆಲೆಸಿರುವುದಿಲ್ಲ. ಮೇಲಾಗಿ ಕಡಲ ನೀರು ಸ್ವಲ್ಪ ಕ್ಷಾರಗುಣವುಳ್ಳದ್ದು. ಅಮೋನಿಯಂ ಸಲ್ಫೇಟಿಗೆ ಸುಣ್ಣ ತಾಕಿದರೆ ಘಾಟು ಏಳುವಂತೆ, ಕ್ಷಾರದ ನೀರಿನಲ್ಲಿ ಅಮೋನಿಯವು ಹೆಚ್ಚು ವಿಷಕರವಾಗುವುದು.

ಆದುದರಿಂದ ನೀರು, ಉಪ್ಪು, ಗಾಳಿ, ಬಿಸಿ ಎಲ್ಲವನ್ನೂ ಸಿದ್ಧಮಾಡಿ, ಮೀನಿಲ್ಲದೆಯೇ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತ ನಾಲ್ಕರಿಂದ ಆರು ವಾರ ಕಾಯತಕ್ಕದ್ದು. ಪರೀಕ್ಷೆಯ ದ್ರಾವಣದಿಂದ ವಾರಕ್ಕೆರಡು ಸಲ ನೋಡುತ್ತಿದ್ದರೆ ಅಮೋನಿಯವು ಏರಿ ಇಳಿಯುವುದೂ, ಬಳಿಕ ನೈಟ್ರೈಟು ಏರಿ ಇಳಿಯುವುದೂ ಕಾಣುವುದು. ಎರಡೂ ಸೊನ್ನೆಗೆ ಬಂದಮೇಲೆ ತೊಟ್ಟಿಯು ಹದವಾಯಿತೆಂದು ತಿಳಿಯಬಹುದು. ಈ ಕಾಯುವಿಕೆಗೆ ಹಣವು ಬೇಕಿಲ್ಲ; ತಾಳ್ಮೆ ಬೇಕು. ಪಾಠಶಾಲೆಯಾದರೆ ಮಕ್ಕಳೇ ಅಂಕಗಳನ್ನು ಬರೆದಿಡಲಿ. ಮೀನು ಬರುವ ಮೊದಲೇ ಅವರಿಗೆ ಪಾಠವು ದೊರೆಯುವುದು.

5. ಮೀನು ಮತ್ತು ಪಾಲನೆ

ಮೊದಲಿಗೆ ಕ್ಲೌನ್ ಮೀನಿನ ಒಂದು ಜೊತೆ ಸಾಕು. ಇವುಗಳನ್ನು ಸಾಕಣೆಯಲ್ಲಿಯೇ ಮರಿಮಾಡಿಸುವ ವಿಧಾನವನ್ನು, 1947ರಲ್ಲಿ ಸ್ಥಾಪಿತವಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದೆ. ಸಾಕಣೆಯಲ್ಲಿ ಹುಟ್ಟಿದ ಮರಿಯು ತೊಟ್ಟಿಗೆ ಒಗ್ಗುವುದು. ಕಡಲಿನ ಬಂಡೆಗಳಿಗೂ ಹಾನಿಯಿಲ್ಲ. ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ಒಂದು ಗಂಟೆಯ ಕಾಲ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ, ಅನಂತರ ಮೀನನ್ನು ಬಿಡತಕ್ಕದ್ದು. ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕತಕ್ಕದ್ದು. ನೋಡಲು ಬಂದವರೆಲ್ಲರೂ ಒಂದೊಂದು ಚಿಟಿಕೆ ಹಾಕುವ ಪದ್ಧತಿಯನ್ನು ಮೊದಲ ದಿನವೇ ನಿಲ್ಲಿಸಬೇಕು. ವಾರಕ್ಕೊಮ್ಮೆ 8 ಲೀಟರ್ ನೀರನ್ನು ತೆಗೆದು ಅಷ್ಟೇ ಹೊಸ ಉಪ್ಪುನೀರನ್ನು ತುಂಬತಕ್ಕದ್ದು.

6. ತೆಗೆದ ನೀರಿನ ವಿಚಾರ

ವಾರಕ್ಕೆ 8 ಲೀಟರಿನಂತೆ ವರ್ಷಕ್ಕೆ 416 ಲೀಟರ್. ಅದರಲ್ಲಿ ಸುಮಾರು 14.5 ಕಿಲೋಗ್ರಾಂ ಉಪ್ಪು. ಇದನ್ನು ಗೊಬ್ಬರದ ನೀರೆಂದು ತಿಳಿದು ಹಿತ್ತಲಿನ ಗಿಡಗಳಿಗಾಗಲಿ ಗದ್ದೆಗಾಗಲಿ ಸುರಿಯುವುದು ಅನರ್ಥಕರವು. ಮಣ್ಣಿನ ವಿದ್ಯುದ್ವಾಹಕತೆಯು ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದರೆ ಭತ್ತದ ಇಳುವರಿಯು ಕುಗ್ಗತೊಡಗುವುದು. ಕಡಲ ನೀರಿನಲ್ಲಿ ಅದು ಸುಮಾರು 50 ಇರುವುದು. ಬಾವಿಯ ಬಳಿಯಲ್ಲಾಗಲಿ ಹಿನ್ನೀರಿನಲ್ಲಾಗಲಿ ಚೆಲ್ಲಕೂಡದು. ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಿಸಿಲಿಗೆ ಒಣಗಿಸಿ, ಉಳಿದ ಉಪ್ಪನ್ನು ಚೀಲದಲ್ಲಿ ಕಟ್ಟಿ ಪಂಚಾಯಿತಿಯ ಕಸದೊಡನೆ ಕಳುಹಿಸತಕ್ಕದ್ದು. ದನಗಳಿಗೆ ಇಡಬಾರದು.

ಒಟ್ಟಿನಲ್ಲಿ ಗಾಜು, ಕಲ್ಲು, ಚಿಪ್ಪು, ಮಳೆನೀರು, ಇವುಗಳಲ್ಲಿ ಉಳಿತಾಯ ಮಾಡಬಹುದು. ಲವಣದ ಮಿಶ್ರಣ, ಸಾಂದ್ರತಾಮಾಪಕ, ಪರೀಕ್ಷೆಯ ದ್ರಾವಣ, ಬಿಸಿಕಡ್ಡಿ, ಇವುಗಳಲ್ಲಿ ಮಾಡಿದರೆ ಮೀನಿನ ಬೆಲೆಯನ್ನು ಪದೇ ಪದೇ ತೆರಬೇಕಾಗುವುದು. ಬೇಸಗೆಯ ರಜೆಯಲ್ಲಿಯೂ ದಿನಕ್ಕೊಮ್ಮೆ ಬಂದು ನೋಡುವ ಒಬ್ಬ ಜವಾಬುದಾರನು ಗೊತ್ತಾಗದ ಹೊರತು ಈ ಕೆಲಸಕ್ಕೆ ಕೈಹಾಕತಕ್ಕದ್ದಲ್ಲ. ಅಂಥವನು ದೊರೆಯದಿದ್ದರೆ ಅದೇ ತೊಟ್ಟಿಯಲ್ಲಿ ಸಿಹಿನೀರಿನ ಸಣ್ಣ ಮೀನುಗಳನ್ನು ಸಾಕುವುದೇ ವಿವೇಕವು. ಅದಕ್ಕೆ ಉಪ್ಪಿನ ಖರ್ಚಿಲ್ಲ, ತೆಗೆದ ನೀರೂ ಗಿಡಗಳಿಗೆ ಒದಗುವುದು. ದೊರೆತರೆ ಮಾತ್ರ, ಹೇಮಾವತಿಯ ದಂಡೆಯ ಮಕ್ಕಳಿಗೆ ಆ ನೀರು ಕಾವೇರಿಯನ್ನು ಕೂಡಿ ಕಡೆಗೆ ಸೇರುವ ಸಮುದ್ರದ ಒಂದು ಅಂಶವನ್ನು ಊರಿನಲ್ಲಿಯೇ ತೋರಿಸಿದಂತಾಗುವುದು.